ಹಿತ್ತಲ ಸೊಪ್ಪಿಗೆ ಜಿಂಕೆ ಬಾಯಿ ಹಾಕದಂತೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಊರಂಚಿನ ಮನೆಗಳಿಗೂ ಹೊಲದ ಮನೆಗಳಿಗೂ ಒಂದು ಹಿತ್ತಲು ಇದ್ದೇ ಇರುತ್ತದೆ. ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬದನೆ, ಒಂದು ಮಡಿ ಮೆಂತ್ಯೆ, ಪುಂಡಿಪಲ್ಲೆ, ರಾಜಗಿರಿ, ಗೋಡೆಗೆ ಹಬ್ಬಿದ ಹೀರೆ, ಮೂಲೆಯಲ್ಲಿ ನುಗ್ಗೆ ಮತ್ತು ಕರಿಬೇವು. ಸಂತೆಗೆ ಹೋಗದೆ ಎರಡು ಹೊತ್ತಿನ ಪಲ್ಯ ಸಾರಿಗೆ ಒದಗುವ ಈ ಅಂಗೈಯಗಲದ ತೋಟವನ್ನು ಜಿಂಕೆಯ ಹಿಂಡು ಒಂದು ಬೆಳಗಿನ ಜಾವದಲ್ಲಿ ಬೋಳಿಸಿಬಿಡಬಲ್ಲದು. ಹತ್ತಾರು ಎಕರೆ ಮೆಕ್ಕೆಜೋಳವನ್ನು ಪ್ರಾಣಿಗಳಿಂದ ಪೂರ್ತಿ ಕಾಯುವುದು ಕಷ್ಟ. ಹಿತ್ತಲಿನ ಸಂಗತಿ ಬೇರೆ. ಅದು ಚಿಕ್ಕದು, ಮನೆಯ ಕಣ್ಣೆದುರಿಗೆ ಇರುವಂಥದು, ಸುತ್ತಲೂ ಸರಿಯಾಗಿ ಬೇಲಿ ಕಟ್ಟಲು ಸಾಧ್ಯವಾಗುವಂಥದು. ಬರುವ ಪ್ರಾಣಿಯ ಸ್ವಭಾವ ತಿಳಿದು, ಅದಕ್ಕೆ ತಕ್ಕ ಬೇಲಿ ಹಾಕಿದರೆ ಪ್ರಾಣಿಗೂ ನೋವಿಲ್ಲದೆ ಸೊಪ್ಪೂ ಉಳಿಯುತ್ತದೆ.

ಬರುವ ಪ್ರಾಣಿ ಯಾವುದು

ಈ ಸೀಮೆಯಲ್ಲಿ ಜನ ಜಿಂಕೆ ಅಥವಾ ಚಿಗರಿ ಎನ್ನುವುದು ಬಹುಪಾಲು ಕೃಷ್ಣಮೃಗವನ್ನೇ. ಮಲೆನಾಡಿನ ಕಾಡಿನಲ್ಲಿ ಕಾಣುವ ಚುಕ್ಕೆ ಜಿಂಕೆಯ ಜಾತಿಗೆ ಇದು ಸೇರಿದ್ದಲ್ಲ. ಆಡು, ಕುರಿ, ದನಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಚುಕ್ಕೆ ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಹುಟ್ಟುತ್ತದೆ. ಕೃಷ್ಣಮೃಗದ ಗಂಡಿನ ಸುರುಳಿ ಕೊಂಬು ಸಾಯುವ ತನಕ ಉದುರುವುದಿಲ್ಲ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಬಲಿತ ಗಂಡಿನ ಮೈ ಮೇಲ್ಭಾಗ ಕಪ್ಪು, ಹೊಟ್ಟೆ ಬಿಳಿ. ಹೆಣ್ಣು ಮತ್ತು ಮರಿಗಳದು ಕಂದು. ಭುಜದ ಬಳಿ ಎತ್ತರ ಎರಡೂವರೆ ಅಡಿಯ ಆಸುಪಾಸು. ಗಂಡಿನ ಕೊಂಬು ಎರಡಡಿ ದಾಟುವುದೂ ಉಂಟು.

ಇದು ಬಯಲಿನ ಪ್ರಾಣಿ. ದಟ್ಟ ಕಾಡು ಇದಕ್ಕೆ ಒಗ್ಗದು. ದೂರಕ್ಕೆ ಕಣ್ಣು ಹಾಯುವ ಹುಲ್ಲುಗಾವಲು, ಬೀಳು, ಎರೆ ಹೊಲಗಳೇ ಇದರ ಮನೆ. ಅಪಾಯ ಕಂಡರೆ ಅವಿತುಕೊಳ್ಳದೆ ಓಡುತ್ತದೆ. ನೆಲದ ಮೇಲಿನ ಅತಿ ವೇಗದ ಓಟಗಾರರಲ್ಲಿ ಇದೂ ಒಂದು. ತುಂಗಭದ್ರೆಯ ಆಚೆ ದಂಡೆಯ ಹಾವೇರಿ ಜಿಲ್ಲೆಯಲ್ಲಿ 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವಿದೆ. ಈಚೆಗೆ ಹಡಗಲಿ, ಹರಪನಹಳ್ಳಿ ಕಡೆಯ ಎರೆ ಬಯಲು ಇದಕ್ಕೆ ಒಪ್ಪುವ ನೆಲ. ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಮಸಾರಿ ಮತ್ತು ಕಲ್ಲುಗುಡ್ಡಗಳ ನಡುವೆ ಬೇರೆ ನೆರೆಹೊರೆಯೂ ಇದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮವಾಯಿತು. ಪಕ್ಕದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿಗಾಗಿ ಮೀಸಲು. ಕೊಂಡುಕುರಿ ನಾಚಿಕೆಯ ಪ್ರಾಣಿ, ಒಂಟಿಯಾಗಿ ಅಥವಾ ಜೋಡಿಯಾಗಿ ಪೊದೆಯೊಳಗೇ ಇರುತ್ತದೆ. ಹಿತ್ತಲಿಗೆ ಬರುವುದು ಅಪರೂಪ. ಕಾಡುಹಂದಿ, ಮೊಲ, ನವಿಲು ಮಾತ್ರ ಐದೂ ತಾಲ್ಲೂಕಿನಲ್ಲಿ ಕೈತೋಟಕ್ಕೆ ಬರುವ ಅತಿಥಿಗಳು.

ಯಾರು ತಿಂದರು ಎಂಬ ಗುರುತು

ಬೇಲಿಗೆ ದುಡ್ಡು ಹಾಕುವ ಮೊದಲು ತಿಂದವರು ಯಾರೆಂದು ಗೊತ್ತಾಗಬೇಕು. ಹಂದಿಗೆ ಹಾಕುವ ಬೇಲಿ ಬೇರೆ, ಮೊಲಕ್ಕೆ ಹಾಕುವ ಜಾಲರಿ ಬೇರೆ. ಬೆಳಗಿನ ಇಬ್ಬನಿ ಆರುವ ಮೊದಲು ಮಡಿಯ ಬಳಿ ಕುಳಿತು ನೋಡಿದರೆ ಗಿಡವೇ ಸಾಕ್ಷಿ ಹೇಳುತ್ತದೆ. ಜಿಂಕೆಗೆ ಮೇಲಿನ ದವಡೆಯಲ್ಲಿ ಮುಂಬಾಚಿ ಹಲ್ಲಿಲ್ಲ. ಕೆಳಗಿನ ಹಲ್ಲಿಗೂ ಮೇಲಿನ ಗಟ್ಟಿ ಒಸಡಿಗೂ ನಡುವೆ ಕುಡಿಯನ್ನು ಹಿಡಿದು ಜಗ್ಗಿ ಕೀಳುತ್ತದೆ. ಹಾಗಾಗಿ ತುಂಡಾದ ಕಡೆ ನಾರು ಎದ್ದು, ಅಂಚು ಹರಿದಂತೆ ಕಾಣುತ್ತದೆ. ಮೊಲ ತಿಂದ ದಂಟು ಚಾಕುವಿನಿಂದ ಓರೆಯಾಗಿ ಕೊಯ್ದಷ್ಟು ನಯ. ಹಂದಿ ಎಲೆಯ ಗೊಡವೆಗೆ ಹೋಗದೆ ನೆಲವನ್ನು ಮೂತಿಯಿಂದ ಉತ್ತು ಗೆಡ್ಡೆ, ಶೇಂಗಾ, ಎರೆಹುಳ ಹುಡುಕುತ್ತದೆ. ನವಿಲು ಮೊಳಕೆಯನ್ನು ಬುಡಸಮೇತ ಎಳೆದು, ಟೊಮೆಟೊ ಹಣ್ಣನ್ನು ಕುಕ್ಕಿ ಬಿಡುತ್ತದೆ.

ಹೆಜ್ಜೆಯೂ ನೆರವಾಗುತ್ತದೆ. ಜಿಂಕೆಯದು ಕುರಿಯ ಗೊರಸಿನಂತೆ ಎರಡು ಸೀಳು, ಮುಂದೆ ಚೂಪು. ಹಂದಿಯ ಹೆಜ್ಜೆ ಮೊಂಡು. ಮೆದು ಮಣ್ಣಿನಲ್ಲಿ ಹಿಂದುಗಡೆ ಇನ್ನೆರಡು ಚಿಕ್ಕ ಚುಕ್ಕೆ ಮೂಡಿರುತ್ತವೆ. ಕೃಷ್ಣಮೃಗದ ಗಂಡು ತನ್ನ ಎಲ್ಲೆ ಗುರುತಿಸಲು ಒಂದೇ ಜಾಗದಲ್ಲಿ ದಿನವೂ ಹಿಕ್ಕೆ ಹಾಕುತ್ತದೆ. ಹಿತ್ತಲಿನಾಚೆಯ ಬೀಳಿನಲ್ಲಿ ಅಂಥ ಹಿಕ್ಕೆಯ ಗುಡ್ಡೆ ಇದ್ದರೆ ಹಿಂಡು ಅಲ್ಲೇ ನೆಲೆ ನಿಂತಿದೆ ಎಂದರ್ಥ. ಅಕ್ಕಪಕ್ಕದವರ ಬಿಡಾಡಿ ಮೇಕೆಯ ಕೆಲಸವನ್ನು ಜಿಂಕೆಯ ಲೆಕ್ಕಕ್ಕೆ ಬರೆಯುವುದೂ ಉಂಟು. ಮೇಕೆ ಹಿಂಗಾಲ ಮೇಲೆ ನಿಂತು ನುಗ್ಗೆ, ಕರಿಬೇವಿನ ಟೊಂಗೆ ಜಗ್ಗುತ್ತದೆ. ಜಿಂಕೆ ಹೆಚ್ಚಾಗಿ ನೆಲದ ಹಸಿರಿಗೇ ಬಾಯಿ ಹಾಕುತ್ತದೆ.

ಬರುವ ಕಾಲ, ಬರುವ ಕಾರಣ

ವರ್ಷದಲ್ಲಿ ಎರಡು ಹೊತ್ತು ಹಿತ್ತಲಿಗೆ ಕಷ್ಟ. ಮೊದಲನೆಯದು ಯುಗಾದಿಯಿಂದ ಮುಂಗಾರಿನವರೆಗಿನ ಬೇಸಿಗೆ. ಬಯಲಿನ ಹುಲ್ಲು ಒಣಗಿ ಕಡ್ಡಿಯಾಗಿ, ಹಳ್ಳ ಬತ್ತಿ, ಕೆರೆಯಂಗಳ ಬಿರುಕು ಬಿಟ್ಟಿರುತ್ತದೆ. ಸುತ್ತಲ ಕಂದು ನೆಲದ ನಡುವೆ ಹಸಿರಾಗಿರುವುದು ಬೋರ್‌ವೆಲ್ ತೋಟ ಮತ್ತು ಹಿತ್ತಲು ಮಾತ್ರ. ಅಲ್ಲಿ ಮೇವೂ ಇದೆ, ಪಾತಿಯಲ್ಲಿ ನಿಂತ ನೀರೂ ಇದೆ. ಎರಡನೆಯದು ರೋಹಿಣಿ, ಮೃಗಶಿರ ಮಳೆಯ ಬೆನ್ನಿಗೆ ಬಿತ್ತಿದ ಬೀಜ ಮೊಳೆತು ಎರಡೆಲೆ, ನಾಲ್ಕೆಲೆ ಆಗುವ ಕಾಲ. ಎಳೆಯ ಸಸಿಯ ತುದಿ ಹೋದರೆ ಗಿಡ ಮತ್ತೆ ಚೇತರಿಸಿಕೊಳ್ಳುವುದು ನಿಧಾನ. ಅಲಸಂದೆ, ಬೆಂಡೆಯ ಮೊಳಕೆಯ ಕುಡಿ ಬುಡಮಟ್ಟ ಹೋದರೆ ಮತ್ತೆ ಬೀಜ ಊರಬೇಕಾಗುತ್ತದೆ. ಜಿಂಕೆ ಹಗಲು ಮೇಯುವ ಪ್ರಾಣಿಯಾದರೂ ಜನವಸತಿಯ ಬಳಿ ಬರುವಾಗ ಜನರ ಓಡಾಟ ಇಲ್ಲದ ನಸುಕು, ಮುಸ್ಸಂಜೆ, ಬೆಳದಿಂಗಳ ರಾತ್ರಿಗಳನ್ನು ಆಯ್ದುಕೊಳ್ಳುತ್ತದೆ.

ಪ್ರಾಣಿ ಊರೊಳಗೆ ಬರುವುದಕ್ಕೆ ಪ್ರಾಣಿಯನ್ನಷ್ಟೇ ದೂರುವುದು ನ್ಯಾಯವಲ್ಲ. ದನ ಮೇಯಿಸಲು ಬಿಟ್ಟಿದ್ದ ಗೋಮಾಳ, ಹುಲ್ಲುಬನ್ನಿ, ಬೀಳುಗಳು ಉಳುಮೆಗೂ ನಿವೇಶನಕ್ಕೂ ಹೋದವು. ಉಳಿದ ಕಡೆ ಬಳ್ಳಾರಿ ಜಾಲಿ ಎದ್ದು ಅದರ ನೆರಳಿನಲ್ಲಿ ಹುಲ್ಲು ಹುಟ್ಟದಾಯಿತು. ಬಯಲಿನ ಪ್ರಾಣಿಗೆ ಬಯಲೇ ಇಲ್ಲವಾಯಿತು. ಇತ್ತ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಗೆ ಕಡಿವಾಣ ಬಿದ್ದು ಜಿಂಕೆಯ ಸಂತತಿ ಉಳಿಯಿತು. ಸಂತತಿ ಉಳಿದು ಮೇವಿನ ನೆಲ ಕುಗ್ಗಿದ ಮೇಲೆ ಅವು ಬರುವುದು ಬೆಳೆಯ ಕಡೆಗೇ. ಆದ್ದರಿಂದ ತೋಟ ಕಾಯುವ ಕೆಲಸ ವರ್ಷ ವರ್ಷವೂ ಇರುವಂಥದು. ಒಂದು ಸಲ ಓಡಿಸಿದರೆ ಮುಗಿಯುವುದಲ್ಲ.

ಬೇಲಿಯ ಲೆಕ್ಕ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರ ಸುತ್ತಳತೆ 132 ಅಡಿ. ಐದಾರು ಜನರ ಮನೆಗೆ ಸೊಪ್ಪು ತರಕಾರಿ ಬೆಳೆಯಲು ಒಂದು ಗುಂಟೆ ಧಾರಾಳ. ಎಂಟು ಅಡಿಗೊಂದು ಕಂಬ ನೆಟ್ಟರೆ 17 ಕಂಬ ಸಾಕು. ಅದೇ ನಾಲ್ಕು ಮನೆಯವರು ಕೂಡಿ 66 ಅಡಿ ಚೌಕದ ನಾಲ್ಕು ಗುಂಟೆಗೆ ಒಂದೇ ಬೇಲಿ ಹಾಕಿದರೆ ಸುತ್ತಳತೆ 264 ಅಡಿ; ಒಬ್ಬೊಬ್ಬರ ಪಾಲಿಗೆ 66 ಅಡಿ ಮಾತ್ರ. ಬೇರೆ ಬೇರೆ ಹಾಕಿಕೊಂಡರೆ ತಗಲುವ ಖರ್ಚಿನ ಅರ್ಧ. ಒಂದೇ ಓಣಿಯ ಹಿತ್ತಲುಗಳು ಒಂದಕ್ಕೊಂದು ತಾಗಿಕೊಂಡಿರುವ ಊರುಗಳಲ್ಲಿ ಈ ಕೂಡುಬೇಲಿಯೇ ಜಾಣತನ. ಕಾವಲಿಗೂ ನಾಲ್ಕು ಮನೆಯ ಕಣ್ಣು ಸಿಗುತ್ತದೆ.

ಬೇಲಿಯ ಎತ್ತರದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ತಳದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೃಷ್ಣಮೃಗ ಓಡುವಾಗ ಆಳೆತ್ತರ ನೆಗೆಯಬಲ್ಲದು. ಆದರೆ ಬೇಲಿ ಎದುರಾದಾಗ ಅದು ಮೊದಲು ಹುಡುಕುವುದು ನುಸುಳುವ ಸಂದಿಯನ್ನು. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನ ಜಮೀನುಗಳಿಗೆ ಕೃಷ್ಣಮೃಗಗಳನ್ನು ಒಯ್ದು ಬಿಟ್ಟರು. ಅಲ್ಲಿಯೂ ಅವು ಬೇಲಿ ಹಾರುವುದಕ್ಕಿಂತ ತಂತಿಯ ಅಡಿಯಿಂದ ತೂರುವುದೇ ಹೆಚ್ಚು ಎಂದು ಕಂಡುಬಂದಿದೆ. ಅಮೆರಿಕದ ಬಿಳಿಬಾಲದ ಜಿಂಕೆ ಹಾರುವುದರಲ್ಲಿ ನಿಪುಣ, ಅದಕ್ಕೆ ಎಂಟಡಿ ಬೇಲಿ ಬೇಕೆಂದು ಅಲ್ಲಿನ ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಆ ಅಳತೆಯನ್ನು ಇಲ್ಲಿಗೆ ತಂದು ದುಡ್ಡು ಸುರಿಯಬೇಕಿಲ್ಲ. ಇಲ್ಲಿ ಐದರಿಂದ ಆರಡಿ ಎತ್ತರದ, ತಳದ ಒಂದೂವರೆ ಅಡಿಯಲ್ಲಿ ಒಂದು ಸಂದಿಯೂ ಇಲ್ಲದ ಬೇಲಿ ಬೇಕು. ತಳ ಭದ್ರವಾದರೆ ಹಂದಿ, ಮೊಲ, ಬಿಡಾಡಿ ನಾಯಿಗಳೂ ನಿಂತಂತೆ.

ಕಲ್ಲುಕಂಬ ಮತ್ತು ಜಾಲರಿ

ಬಾಳಿಕೆಯ ಬೇಲಿಗೆ ಕಲ್ಲುಕಂಬ ಮತ್ತು ಚೈನ್‌ಲಿಂಕ್ ಜಾಲರಿ ಒಳ್ಳೆಯ ಜೋಡಿ. ಈ ಭಾಗದಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲುಕಂಬಕ್ಕೆ ಗೆದ್ದಲಿನ ಭಯವೂ ಇಲ್ಲ. ಏಳೂವರೆ ಅಡಿಯ ಕಂಬವನ್ನು ಎರಡಡಿ ಹೂತರೆ ಮೇಲೆ ಐದೂವರೆ ಅಡಿ ನಿಲ್ಲುತ್ತದೆ. ನಾಲ್ಕು ಮೂಲೆಯ ಕಂಬಕ್ಕೂ ಬಾಗಿಲ ಕಂಬಕ್ಕೂ ಓರೆಯಾಗಿ ಆಸರೆ ಕಲ್ಲು ಕೊಡಬೇಕು. ಜಾಲರಿಯನ್ನು ಬಿಗಿಯುವಾಗ ಎಳೆತವೆಲ್ಲ ಬೀಳುವುದು ಇವುಗಳ ಮೇಲೆಯೇ. ಎರೆ ಮಣ್ಣಿನಲ್ಲಿ ಇನ್ನೊಂದು ಎಚ್ಚರ. ಬೇಸಿಗೆಯಲ್ಲಿ ಬಾಯಿ ಬಿಡುವ, ಮಳೆಗೆ ಉಬ್ಬುವ ಆ ಮಣ್ಣು ಕಂಬವನ್ನು ವಾಲಿಸುತ್ತದೆ. ಅಲ್ಲಿ ಗುಂಡಿಯನ್ನು ಅರ್ಧ ಅಡಿ ಹೆಚ್ಚು ತೋಡಿ, ಸುತ್ತ ಗರಸು ಮತ್ತು ಕಲ್ಲುಚೂರು ತುಂಬಿ ಹಾರೆಯಿಂದ ದಮ್ಮಸು ಮಾಡಬೇಕು.

ಜಾಲರಿಯ ತಳವನ್ನು ಗಾಳಿಯಲ್ಲಿ ಬಿಡಬಾರದು. ಕಂಬದ ಸಾಲಿನಗುಂಟ ಅರ್ಧ ಅಡಿ ಕಾಲುವೆ ತೋಡಿ, ಜಾಲರಿಯ ಅಂಚನ್ನು ಅದರೊಳಗಿಟ್ಟು ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಬೇಕು. ಮಳೆನೀರು ಹರಿದುಹೋಗುವ ತಗ್ಗಿನಲ್ಲೇ ಮೊದಲ ಕಿಂಡಿ ಬೀಳುವುದು. ಅಲ್ಲಿ ದೊಡ್ಡ ಕಲ್ಲುಗಳನ್ನು ನೀರು ಸೋರುವಷ್ಟು ಸಂದಿ ಬಿಟ್ಟು ಜೋಡಿಸಬೇಕು. ಮುಳ್ಳುತಂತಿಯನ್ನೇ ನಾಲ್ಕೈದು ಎಳೆ ಎಳೆದು ಬಿಟ್ಟರೆ ದನ ನಿಂತೀತು, ಜಿಂಕೆ ನಿಲ್ಲದು. ಎಳೆಗಳ ನಡುವೆ ತಲೆ ತೂರಿಸಿ ಮೈ ಗೀರಿಸಿಕೊಂಡೇ ಒಳಗೆ ಬರುತ್ತದೆ. ಸಡಿಲವಾದ ನೈಲಾನ್ ಬಲೆ ಇನ್ನೂ ಕೆಟ್ಟದ್ದು. ಗಂಡಿನ ಸುರುಳಿ ಕೊಂಬು ಬಲೆಯ ಕಣ್ಣಿಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಒದ್ದಾಡಿ ಪ್ರಾಣಿ ಸಾಯಬಹುದು. ಬಲೆಯನ್ನೇ ಬಳಸಬೇಕಿದ್ದರೆ ಮೇಲೆ ಕೆಳಗೆ ತಂತಿ ಪೋಣಿಸಿ, ತಮಟೆಯ ಚರ್ಮದಂತೆ ಬಿಗಿಯಾಗಿ ಕಟ್ಟಬೇಕು.

ಜಾಲಿಮುಳ್ಳು ಮತ್ತು ಹಸಿರು ಬೇಲಿ

ಕೈಯಲ್ಲಿ ದುಡ್ಡಿಲ್ಲದವರಿಗೆ ಹಿರಿಯರ ಕಾಲದ ಮುಳ್ಳುಬೇಲಿ ಇಂದಿಗೂ ಆಸರೆ. ಬಳ್ಳಾರಿ ಜಾಲಿ, ಕರಿಜಾಲಿ, ಬಾರಿಗಿಡದ ಟೊಂಗೆಗಳನ್ನು ಬುಡ ಒಳಮುಖವಾಗಿ, ಮುಳ್ಳಿನ ತುದಿ ಹೊರಮುಖವಾಗಿ ಎರಡು ಅಡ್ಡೆ ಒತ್ತಾಗಿ ಹಾಕಿ, ಕವೆಗೋಲಿನಿಂದ ಅದುಮಿ, ಮೇಲೆ ಕಲ್ಲಿಡುತ್ತಾರೆ. ಗೆದ್ದಲು ಮತ್ತು ಮಳೆಗೆ ಇದು ಒಂದು ವರ್ಷದಲ್ಲಿ ಕುಗ್ಗುತ್ತದೆ. ಹಾಗಾಗಿ ಪ್ರತಿ ಬೇಸಿಗೆ ಮೇಲೊಂದು ಪದರ ಸೇರಿಸಬೇಕು. ಬೇಡದ ಬಳ್ಳಾರಿ ಜಾಲಿಯನ್ನು ಗೋಮಾಳದಿಂದ ಕಡಿದು ತಂದಷ್ಟೂ ಅಲ್ಲಿ ಹುಲ್ಲಿಗೆ ಬಿಸಿಲು ಸಿಗುತ್ತದೆ. ಒಂದು ಕೆಲಸಕ್ಕೆ ಎರಡು ಫಲ. ಕಾಯಿ ಬಲಿತ ಟೊಂಗೆ ಮಾತ್ರ ತರಬಾರದು, ಹಿತ್ತಲ ಸುತ್ತಲೇ ಬೀಜ ಬಿದ್ದು ಜಾಲಿ ಏಳುತ್ತದೆ.

ಮುಳ್ಳುಬೇಲಿಯ ಮರೆಯಲ್ಲೇ ಹಸಿರು ಬೇಲಿ ಎಬ್ಬಿಸುವುದು ದೂರದೃಷ್ಟಿಯ ಕೆಲಸ. ಕಳ್ಳಿ, ಕತ್ತಾಳೆ, ಕಾರೆ, ಸೀಗೆ, ಲಕ್ಕಿ, ಗ್ಲಿರಿಸಿಡಿಯಾ ಇವೆಲ್ಲ ಕಡಿಮೆ ಮಳೆಯಲ್ಲಿ ಬದುಕುವ ಗಿಡಗಳು. ಕತ್ತಾಳೆಯನ್ನು ಎರಡಡಿಗೊಂದರಂತೆ ಎರಡು ಸಾಲು, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ಹಚ್ಚಿದರೆ ಮೂರು ನಾಲ್ಕು ವರ್ಷಕ್ಕೆ ಹಂದಿಯೂ ನುಗ್ಗದ ಗೋಡೆಯಾಗುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳು ಆಡುವ ಕಡೆ ಅದು ಬೇಡ. ಲಕ್ಕಿ, ಗ್ಲಿರಿಸಿಡಿಯಾ ಸೊಪ್ಪು ಮಡಿಗೆ ಗೊಬ್ಬರವೂ ಆಗುತ್ತದೆ. ಹೊಲದ ಸುತ್ತ ಕುಸುಬೆಯ ಸಾಲು ಹಾಕುವ ಹಳೆಯ ಪದ್ಧತಿಯನ್ನು ಹಿಂಗಾರಿನಲ್ಲಿ ಹಿತ್ತಲಿಗೂ ತರಬಹುದು. ಬಲಿತ ಕುಸುಬೆಯ ಮುಳ್ಳೆಲೆಗೆ ದನಕರು ಹೇಗೆ ಹಿಂಜರಿಯುತ್ತವೆಯೋ ಜಿಂಕೆಯೂ ಹಾಗೆಯೇ.

ಸೀರೆಯ ಬೇಲಿ

ಹೊಲಗಳ ಬದುವಿನಲ್ಲಿ ಬಣ್ಣ ಬಣ್ಣದ ಹಳೆಯ ಸೀರೆಗಳು ಪತಾಕೆಯಂತೆ ಹಾರುವುದು ಈಗ ಉತ್ತರ ಕರ್ನಾಟಕದ ತುಂಬ ಸಾಮಾನ್ಯ ನೋಟ. ಹಿತ್ತಲಿಗೆ ಇದು ಅಗ್ಗದ, ಪರಿಣಾಮಕಾರಿಯಾದ ಬೇಲಿ. ಸೀರೆಯ ಉದ್ದ ಸುಮಾರು 18 ಅಡಿ, ಅಗಲ ನಾಲ್ಕಡಿಗೆ ತುಸು ಕಡಿಮೆ. ಒಂದು ಗುಂಟೆಯ 132 ಅಡಿ ಸುತ್ತಳತೆಗೆ ಎಂಟು ಸೀರೆ ಸಾಕು. ಸೀರೆಯ ಮೇಲಂಚಿನಲ್ಲಿ ಮೊಳಕ್ಕೊಂದು ಕಡೆ ಚಿಕ್ಕ ಕಲ್ಲುಹರಳನ್ನು ಬಟ್ಟೆಯಲ್ಲಿ ಸುತ್ತಿ, ಆ ಗಂಟಿನ ಕುತ್ತಿಗೆಗೆ ಹಗ್ಗ ಬಿಗಿದು ತಂತಿಗೆ ಕಟ್ಟುತ್ತಾರೆ. ಹೀಗೆ ಕಟ್ಟಿದರೆ ಆಷಾಢದ ಗಾಳಿಗೂ ಬಟ್ಟೆ ಹರಿಯದು. ಬರೀ ತೂತು ಮಾಡಿ ಕಟ್ಟಿದ್ದು ಎರಡೇ ದಿನಕ್ಕೆ ಸೀಳುತ್ತದೆ. ಕೆಳಂಚನ್ನು ನೆಲಕ್ಕೆ ತಾಗಿಸಿ, ಮೇಲೆ ಕಲ್ಲು ಅಥವಾ ಮಣ್ಣು ಹೇರಬೇಕು.

ನಾಲ್ಕಡಿಯೂ ಇಲ್ಲದ ಬಟ್ಟೆ ನೆಗೆಯುವ ಪ್ರಾಣಿಯನ್ನು ತಡೆಯುವುದಕ್ಕೆ ಕಾರಣ ಅದರ ಕಣ್ಣಿನಲ್ಲಿದೆ. ಬಯಲಿನ ಪ್ರಾಣಿ ತನ್ನ ಕಣ್ಣನ್ನೇ ನಂಬಿ ಬದುಕುತ್ತದೆ. ಆಚೆ ಏನಿದೆ, ಕಾಲೂರುವ ಜಾಗ ಹೇಗಿದೆ ಎಂದು ಕಾಣದ ಕಡೆಗೆ ಅದು ಹಾರಲು ಹಿಂದೆಗೆಯುತ್ತದೆ. ಜೊತೆಗೆ ಬಟ್ಟೆಯ ಅಲುಗಾಟ, ಮನುಷ್ಯರ ವಾಸನೆ. ಹಸಿರು ನೆರಳು ಪರದೆ ಕಟ್ಟಿದರೂ ಇದೇ ಫಲ. ನೂಲಿನ ಸೀರೆ ಬಿಸಿಲು ಮಳೆಗೆ ಬೇಗ ಲಡ್ಡಾಗುತ್ತದೆ. ಪಾಲಿಯೆಸ್ಟರ್ ಸೀರೆ ಹೆಚ್ಚು ದಿನ ಬರುತ್ತದೆ, ಆದರೆ ಹರಿದ ಚೂರುಗಳನ್ನು ಹೆಕ್ಕಿ ತೆಗೆಯಬೇಕು, ದನಗಳ ಹೊಟ್ಟೆಗೆ ಹೋಗಬಾರದು. ತಿಂಗಳಿಗೊಮ್ಮೆ ಸೀರೆಗಳ ಜಾಗ ಅದಲು ಬದಲು ಮಾಡಿದರೆ ಪ್ರಾಣಿಗೆ ಅದು ಹಳತಾಗುವುದಿಲ್ಲ.

ಬಾಗಿಲು

ಎಷ್ಟೇ ಗಟ್ಟಿಯಾದ ಬೇಲಿಯೂ ಬಾಗಿಲಿನಲ್ಲಿ ಸೋಲುತ್ತದೆ. ನೀರು ಬಿಡಲು, ಕಳೆ ತೆಗೆಯಲು, ಕರಿಬೇವು ಮುರಿಯಲು ದಿನಕ್ಕೆ ಹತ್ತು ಸಲ ಓಡಾಡುವ ಜಾಗವದು. ಮುಳ್ಳಿನ ಕಂಟಿಯನ್ನು ಎಳೆದು ಮುಚ್ಚುವ ತಡಿಕೆ ಬಾಗಿಲನ್ನು ಒಂದು ಸಂಜೆ ಮರೆತರೂ ಸಾಕು. ಬಾಗಿಲು ಬೇಲಿಯಷ್ಟೇ ಎತ್ತರವಿರಬೇಕು, ತಾನಾಗಿ ಮುಚ್ಚಿಕೊಳ್ಳುವಂತಿರಬೇಕು. ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿ, ಕಂಬದ ಮೇಲಿಂದ ಹಾಯಿಸಿ, ತುದಿಗೆ ಒಂದು ಕಲ್ಲು ತೂಗುಬಿಟ್ಟರೆ ಕೈ ಬಿಟ್ಟೊಡನೆ ಮುಚ್ಚುತ್ತದೆ. ಹೊಸ್ತಿಲ ಬಳಿ ಚಪ್ಪಡಿ ಕಲ್ಲು ಹಾಸಿದರೆ ಓಡಾಟಕ್ಕೆ ಮಣ್ಣು ತಗ್ಗಾಗದು, ಅಡಿಯಲ್ಲಿ ಸಂದಿ ಬೀಳದು. ನಲ್ಲಿಯನ್ನೋ ಪೈಪನ್ನೋ ಬೇಲಿಯ ಒಳಗೇ ಇಟ್ಟುಕೊಂಡರೆ ಪೈಪು ಎಳೆಯಲು ಬಾಗಿಲು ತೆರೆದಿಡುವ ಪ್ರಮೇಯ ಬರುವುದಿಲ್ಲ.

ಸೌರ ಬೇಲಿ

ಹೊಲದ ಮನೆಯಲ್ಲಿ ದೊಡ್ಡ ತೋಟ ಇರುವವರು ಸೌರ ವಿದ್ಯುತ್ ಬೇಲಿಯನ್ನು ಯೋಚಿಸಬಹುದು. ಸೌರ ಫಲಕ, 12 ವೋಲ್ಟ್ ಬ್ಯಾಟರಿ, ಎನರ್ಜೈಸರ್ ಎಂಬ ಪೆಟ್ಟಿಗೆ, ತಂತಿ, ಇನ್ಸುಲೇಟರ್, ಭೂಸಂಪರ್ಕದ ಸರಳು ಇಷ್ಟೇ ಇದರ ಅಂಗಗಳು. ಎನರ್ಜೈಸರ್ ಸೆಕೆಂಡಿಗೊಂದರಂತೆ ಬಹಳ ಚಿಕ್ಕ ಗಳಿಗೆಯ ಮಿಡಿತಗಳನ್ನು ತಂತಿಗೆ ಬಿಡುತ್ತದೆ. ವೋಲ್ಟೇಜ್ ಸಾವಿರಗಳ ಲೆಕ್ಕದಲ್ಲಿದ್ದರೂ ಮಿಡಿತ ಕ್ಷಣಿಕವಾದ್ದರಿಂದ ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಭಾರತೀಯ ಮಾನಕ ಬ್ಯೂರೊದ ಮಾನದಂಡಕ್ಕೆ ಹೊಂದುವ ಪೆಟ್ಟಿಗೆಯನ್ನೇ ಕೊಳ್ಳಬೇಕು.

ಈ ಒಣಸೀಮೆಯಲ್ಲಿ ಸೌರ ಬೇಲಿ ಕೈಕೊಡಲು ಮುಖ್ಯ ಕಾರಣ ನೆಲ. ಪ್ರಾಣಿಯ ಮೈಯಿಂದ ಮಣ್ಣಿಗೆ, ಮಣ್ಣಿನಿಂದ ಸರಳಿಗೆ ವಿದ್ಯುತ್ ಹರಿದರೆ ಮಾತ್ರ ಶಾಕ್ ಹೊಡೆಯುವುದು. ಏಪ್ರಿಲ್ ಮೇ ತಿಂಗಳಲ್ಲಿ ಒಣಗಿದ ಮಸಾರಿ ಮಣ್ಣು ವಿದ್ಯುತ್ತನ್ನು ಒಯ್ಯುವುದಿಲ್ಲ. ಜಿಂಕೆ ಬರುವುದೂ ಆಗಲೇ. ಇದಕ್ಕೆ ಪರಿಹಾರವಿದೆ. ಒಂದು ತಂತಿಗೆ ವಿದ್ಯುತ್, ಅದರ ಪಕ್ಕದ್ದಕ್ಕೆ ಭೂಸಂಪರ್ಕ ಹೀಗೆ ಒಂದು ಬಿಟ್ಟು ಒಂದರಂತೆ ಜೋಡಿಸಿದರೆ ಎರಡೂ ತಂತಿ ತಾಗಿದ ಪ್ರಾಣಿಗೆ ಮಣ್ಣಿನ ಹಂಗಿಲ್ಲದೆ ಶಾಕ್ ತಗಲುತ್ತದೆ. ಸರಳನ್ನು ಬಚ್ಚಲ ನೀರು ಇಂಗುವಲ್ಲಿ ಹೂಳುವುದೂ ಒಳ್ಳೆಯದು. ಮೊದಲ ತಂತಿ ನೆಲದಿಂದ ಗೇಣೆತ್ತರದಲ್ಲಿರಲಿ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಬಲವೆಲ್ಲ ಸೋರಿಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಂತಿಯ ಅಡಿಯ ಕಳೆ ಸವರಲೇಬೇಕು.

ಬೆಳೆಯ ಜೋಡಣೆ

ಬೇಲಿಯೊಳಗೂ ಜಾಣತನದ ಜೋಡಣೆ ಇದ್ದರೆ ನಷ್ಟ ಕಡಿಮೆ. ಮೆಂತ್ಯೆ, ಪಾಲಕ್, ರಾಜಗಿರಿ, ಅಲಸಂದೆ, ಬೀನ್ಸ್, ಮೂಲಂಗಿ, ಸೌತೆಯ ಕುಡಿ ಎಂದರೆ ಜಿಂಕೆಗೆ ಪ್ರಾಣ. ಇವನ್ನು ಮನೆಯ ಗೋಡೆಗೆ ಹತ್ತಿರ, ಅಡುಗೆಮನೆಯ ಕಿಟಕಿಯಿಂದ ಕಾಣುವಲ್ಲಿ ಹಾಕಬೇಕು. ಈರುಳ್ಳಿ, ಬೆಳ್ಳುಳ್ಳಿ, ಅರಿಶಿನ, ಪುದೀನ, ದೊಡ್ಡಪತ್ರೆ, ಚೆಂಡುಹೂ, ಮುಳ್ಳು ಬದನೆಯಂಥ ಗಾಟು ವಾಸನೆಯ, ಒರಟು ಎಲೆಯ ಬೆಳೆಗಳು ಬೇಲಿಯ ಅಂಚಿಗಿರಲಿ. ಇವು ಜಿಂಕೆ ಮೊದಲ ಆಯ್ಕೆಯಾಗಿ ಮುಟ್ಟುವ ಗಿಡಗಳಲ್ಲ. ಹಾಗೆಂದು ಇವೇ ಬೇಲಿಯ ಕೆಲಸ ಮಾಡುತ್ತವೆ ಎಂದು ನಂಬಬಾರದು. ಕಡು ಬೇಸಿಗೆಯಲ್ಲಿ ಹಸಿದ ಹೊಟ್ಟೆ ಮೆಣಸಿನ ಗಿಡವನ್ನೂ ಬಿಡುವುದಿಲ್ಲ.

ಹೀರೆ, ಪಡವಲ, ಹಾಗಲ, ಅವರೆ ಬಳ್ಳಿಗಳನ್ನು ಆರಡಿ ಚಪ್ಪರಕ್ಕೆ ಹಬ್ಬಿಸಿದರೆ ಕಾಯಿ, ಕುಡಿ ಎರಡೂ ಎರಡೂವರೆ ಅಡಿ ಎತ್ತರದ ಪ್ರಾಣಿಯ ಬಾಯಿಗೆ ನಿಲುಕುವುದಿಲ್ಲ. ಬಳ್ಳಿ ಚಪ್ಪರ ಮುಟ್ಟುವವರೆಗೆ ಬುಡಕ್ಕೆ ಬಿದಿರು ಬುಟ್ಟಿಯನ್ನೋ ತಂತಿ ಜಾಲರಿಯ ಕೊಳವೆಯನ್ನೋ ಸುತ್ತಬೇಕು. ಸಸಿಮಡಿಯ ಮೇಲೆ ಬಾರಿಮುಳ್ಳಿನ ತೆಳು ಹೊದಿಕೆ ಹಾಸುವ ಹಳೆಯ ರೂಢಿ ನವಿಲು, ಕೋಳಿ, ಜಿಂಕೆ ಮೂರಕ್ಕೂ ತಡೆ. ಮಾಳಿಗೆ ಇದ್ದವರು ಸೊಪ್ಪನ್ನು ಒಡೆದ ಕೊಡ, ಹಳೆಯ ಬಕೆಟ್, ಗೊಬ್ಬರದ ಚೀಲಗಳಲ್ಲಿ ಮೇಲೆಯೇ ಬೆಳೆದುಕೊಳ್ಳಬಹುದು. ಮೆಂತ್ಯೆ, ಕೊತ್ತಂಬರಿಗೆ ಗೇಣುದ್ದ ಮಣ್ಣು ಸಾಕು.

ವಾಸನೆ, ಸದ್ದು, ಬೆಳಕು

ಬೇಲಿಗೆ ಜೊತೆಯಾಗಿ ಇವು ಉಪಯುಕ್ತ. ಬೇಲಿಗೆ ಬದಲಾಗಿ ಅಲ್ಲ. ರಸ್ತೆ ಬದಿಯ ಸಸಿಗಳಿಗೆ ಮೇಕೆ ಬಾಯಿ ಹಾಕದಂತೆ ಸಗಣಿ ರಾಡಿ ಬಳಿಯುವುದು ಹಳ್ಳಿಗರಿಗೆ ಹೊಸತಲ್ಲ. ಅದನ್ನೇ ತೆಳುವಾಗಿ ಕಲಸಿ ಅಂಚಿನ ಗಿಡಗಳಿಗೆ ಎರಚಿದರೆ ಕೆಲವು ದಿನ ಜಿಂಕೆ ಮೂಸಿ ಮುಂದೆ ಹೋಗುತ್ತದೆ. ಕೊಳೆತ ಮೊಟ್ಟೆಯ ನೀರು ಲೋಕದ ಹಲವು ಕಡೆ ಜಿಂಕೆಗೆ ಬಳಸುವ ಮದ್ದು. ಮೊಟ್ಟೆಯನ್ನು ನೀರಿನಲ್ಲಿ ಕದಡಿ ಕೊಳೆಸಿ, ಸೋಸಿ ಬೇಲಿಗೆ ಸಿಂಪಡಿಸುತ್ತಾರೆ. ತಿನ್ನುವ ಸೊಪ್ಪಿನ ಮೇಲೆ ಇವು ಯಾವುದೂ ಬೀಳಬಾರದು. ಒಂದು ಮಳೆ ಬಿದ್ದರೆ ವಾಸನೆ ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು.

ಬೆದರುಬೊಂಬೆ, ಹಳೆಯ ಕ್ಯಾಸೆಟ್ಟಿನ ಟೇಪು, ಮಿನುಗುವ ಎಲ್‌ಇಡಿ ದೀಪ, ಮನುಷ್ಯರ ಕೂಗನ್ನೋ ನಾಯಿಯ ಬೊಗಳಾಟವನ್ನೋ ಬಿತ್ತರಿಸುವ ಧ್ವನಿಯಂತ್ರ ಇವೆಲ್ಲ ಹೊಸದರಲ್ಲಿ ಚೆನ್ನಾಗಿ ಹೆದರಿಸುತ್ತವೆ. ಕೆಡುಕು ಆಗುತ್ತಿಲ್ಲ ಎಂದು ತಿಳಿದ ಮೇಲೆ ಪ್ರಾಣಿ ಅವಕ್ಕೆ ಒಗ್ಗಿಹೋಗುತ್ತದೆ. ಜಾಗ, ಹೊತ್ತು, ಬಗೆ ಬದಲಿಸುತ್ತಿದ್ದರಷ್ಟೇ ಪ್ರಯೋಜನ. ಮೊಳಕೆಯ ಕಾಲದ ಮೂರು ನಾಲ್ಕು ವಾರಕ್ಕೆ ಇವನ್ನು ಮೀಸಲಿಡುವುದು ಮೇಲು. ಹಿತ್ತಲಲ್ಲಿ ಕಟ್ಟಿದ ನಾಯಿ ಒಳ್ಳೆಯ ಕಾವಲುಗಾರ. ಜಿಂಕೆಯ ಮೇಲೆ ನಾಯಿ ಛೂ ಬಿಡುವುದು ಮಾತ್ರ ಸಲ್ಲ. ಬಿಟ್ಟ ನಾಯಿಗಳ ಹಿಂಡು ಬಸುರಿ ಜಿಂಕೆಗಳನ್ನೂ ಮರಿಗಳನ್ನೂ ಕೊಲ್ಲುತ್ತದೆ.

ಮಾಡಬಾರದ್ದು

ಕೃಷ್ಣಮೃಗ 1972ರ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಬಲೆ ಒಡ್ಡಿ ಹಿಡಿಯುವುದು, ವಿಷವಿಡುವುದು ಕೂಡ ಬೇಟೆಯೇ. ಶಿಕ್ಷೆ ಮೂರರಿಂದ ಏಳು ವರ್ಷದ ಸೆರೆ, ಜೊತೆಗೆ ದಂಡ. ಬೆಳೆ ತಿಂದಿತೆಂಬ ನೆಪ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಎಲ್ಲಕ್ಕಿಂತ ಘೋರವಾದದ್ದು ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟನ್ನು ನೇರವಾಗಿ ತಂತಿಬೇಲಿಗೆ ಕೊಡುವುದು. ಆ ಕರೆಂಟು ಮಿಡಿಯುವುದಿಲ್ಲ, ಹಿಡಿದದ್ದನ್ನು ಬಿಡುವುದಿಲ್ಲ. ರಾತ್ರಿ ನೀರು ಕಟ್ಟಲು ಹೋದ ರೈತರು, ಮೇಯಲು ಹೋದ ಎಮ್ಮೆ, ಚೆಂಡು ಹುಡುಕಲು ಹೋದ ಮಕ್ಕಳು ಹೀಗೆ ಕಟ್ಟಿದ ಬೇಲಿಗೆ ನಾಡಿನ ಎಷ್ಟೋ ಕಡೆ ಬಲಿಯಾಗಿದ್ದಾರೆ. ಒಂದು ಮಡಿ ಸೊಪ್ಪಿಗಾಗಿ ಒಂದು ಜೀವ ಹೋಗಬಾರದು. ಹಂದಿಗೆಂದು ಸಿಡಿಮದ್ದಿಡುವುದೂ ಇಷ್ಟೇ ಪಾಪದ, ಇಷ್ಟೇ ಅಪರಾಧದ ಕೆಲಸ.

ಬೇಲಿಯ ಬಳಿ ಮಲಗಿದ ಒಂಟಿ ಮರಿ ಕಂಡರೆ ಅದನ್ನು ಎತ್ತಿ ಮನೆಗೆ ತರಬಾರದು. ಕೃಷ್ಣಮೃಗದ ತಾಯಿ ಎಳೆಯ ಮರಿಯನ್ನು ಮೊದಲ ಕೆಲವು ದಿನ ಹುಲ್ಲಿನ ಮರೆಯಲ್ಲಿ ಮಲಗಿಸಿ, ಹಾಲೂಡಿಸಲು ಮಾತ್ರ ಬಳಿ ಬರುತ್ತದೆ. ಜನ ದೂರ ಸರಿದರೆ ತಾಯಿ ಬಂದೇ ಬರುತ್ತದೆ. ಗಾಯಗೊಂಡ, ಬೇಲಿಗೆ ಸಿಕ್ಕಿಕೊಂಡ ಪ್ರಾಣಿಯನ್ನು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು. ಕೂಡ್ಲಿಗಿ, ಗುಡೇಕೋಟೆ ಕಡೆ ರಾತ್ರಿ ಹಿತ್ತಲಲ್ಲಿ ಸದ್ದಾದರೆ ದೀಪವಿಲ್ಲದೆ ಒಬ್ಬರೇ ಹೊರಡಬಾರದು. ಸೊಪ್ಪಿಗೆ ಬಂದ ಜಿಂಕೆಯ ಬದಲು ಸೀತಾಫಲಕ್ಕೆ ಬಂದ ಕರಡಿ ಎದುರಾದೀತು.

ಹಾನಿಯಾದಾಗ

ವನ್ಯಪ್ರಾಣಿಯಿಂದ ಆದ ಬೆಳೆಹಾನಿಗೆ ಅರಣ್ಯ ಇಲಾಖೆ ಪರಿಹಾರಧನ ನೀಡುತ್ತದೆ. ಮನೆಬಳಕೆಯ ಹಿತ್ತಲಿಗಿಂತ ಪಹಣಿಯಲ್ಲಿ ನಮೂದಾದ ಜಮೀನಿನ ಬೆಳೆಗೆ ಇದು ಹೆಚ್ಚು ಅನ್ವಯ. ಹಾನಿಯಾದ ದಿನವೇ ಹೆಜ್ಜೆ, ಹಿಕ್ಕೆ, ತಿಂದ ಗಿಡಗಳ ಫೋಟೊ ತೆಗೆದು, ಹೊಲವನ್ನು ಉಳದೆ ಹಾಗೆಯೇ ಬಿಟ್ಟು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳೊಂದಿಗೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಬೇಕು. ಸಿಬ್ಬಂದಿ ಬಂದು ಸ್ಥಳ ನೋಡಿದ ಮೇಲೆ ಮುಂದಿನ ಕ್ರಮ. ಹತ್ತು ಜನ ರೈತರ ಅರ್ಜಿ ಒಟ್ಟಿಗೆ ಹೋದರೆ ಯಾವ ಕಡೆ ಹಿಂಡಿನ ಹಾವಳಿ ಹೆಚ್ಚು ಎಂಬುದು ಇಲಾಖೆಯ ದಾಖಲೆಗೂ ಸೇರುತ್ತದೆ.

ವರ್ಷದ ಕೆಲಸ

ತೋಟ ಕಾಯುವುದನ್ನು ಬೇಸಾಯದ ಕೆಲಸಗಳ ಜೊತೆಯೇ ಪಂಚಾಂಗಕ್ಕೆ ಸೇರಿಸಿಕೊಂಡರೆ ಭಾರವೆನಿಸದು. ಮಾಘ, ಫಾಲ್ಗುಣದಲ್ಲಿ, ಬಯಲು ಒಣಗುವ ಮೊದಲೇ ಮುಳ್ಳಿನ ಪದರ ಹಾಕಿ, ಜಾಲರಿಯ ತಳಕ್ಕೆ ಮಣ್ಣು ಕೊಡಬೇಕು. ಬೇಸಿಗೆಯುದ್ದಕ್ಕೂ ಪಾತಿಯ ನೀರು ಹೊರಗೆ ಹರಿದು ಬೇಲಿಯಾಚೆ ಹಸಿರು ಚಿಗುರದಂತೆ ನೋಡಿಕೊಳ್ಳಬೇಕು. ಆ ಹಸಿರೇ ಹಿಂಡನ್ನು ಬೇಲಿಯ ತನಕ ಕರೆತರುತ್ತದೆ. ರೋಹಿಣಿಯ ಹೊತ್ತಿಗೆ ಸೀರೆ ಬಿಗಿದು, ಸಸಿಮಡಿಗೆ ಮುಳ್ಳು ಹೊದಿಸಬೇಕು. ಮುಂಗಾರಿನ ಪ್ರತಿ ದೊಡ್ಡ ಮಳೆಯ ಮರುದಿನ ಬೇಲಿಯ ಸುತ್ತ ಒಂದು ಸುತ್ತು ನಡೆದು, ನೀರು ಕೊರೆದ ಕಿಂಡಿಗಳಿಗೆ ಕಲ್ಲು ತುಂಬಬೇಕು. ಆಷಾಢ, ಶ್ರಾವಣದಲ್ಲಿ ಕತ್ತಾಳೆ, ಲಕ್ಕಿ ಹಚ್ಚಲು ಹದ. ಹಿಂಗಾರಿನಲ್ಲಿ ಕುಸುಬೆಯ ಸಾಲು. ಬೆಳೆಯ ಕೊನೆಗೆ ಕಿತ್ತ ಗಿಡ, ಕೊಳೆತ ಕಾಯಿಗಳನ್ನು ಬೇಲಿಯಾಚೆ ಎಸೆಯದೆ ತಿಪ್ಪೆಗೆ ಹಾಕಬೇಕು. ಎಸೆದ ಸೌತೆಯ ರುಚಿ ಹತ್ತಿದ ಪ್ರಾಣಿ ಒಳಗಿನದನ್ನೂ ಹುಡುಕುತ್ತದೆ.

ಹಿತ್ತಲ ಬೇಲಿ ಭದ್ರವಾದಷ್ಟೇ ಮುಖ್ಯವಾದದ್ದು ಬೇಲಿಯಾಚೆಯ ಹುಲ್ಲು. ಊರಿನ ಗೋಮಾಳದಲ್ಲಿ ಜಾಲಿ ತೆಗೆದು ಹುಲ್ಲು ಬೆಳೆಯಲು ಬಿಟ್ಟರೆ, ಬೀಳುಗಳನ್ನು ಒತ್ತುವರಿಯಿಂದ ಉಳಿಸಿದರೆ ದನಕ್ಕೂ ಜಿಂಕೆಗೂ ಅಲ್ಲೇ ಮೇವು. ಒಂದೊಂದು ಮನೆಯ ಕೈಯಲ್ಲಾಗದ ಈ ಕೆಲಸ ಗ್ರಾಮ ಪಂಚಾಯಿತಿಯದು, ಗ್ರಾಮಸಭೆಯಲ್ಲಿ ಕೂತು ಕೇಳುವ ಊರವರದು.